ಎತ್ತುವುದು ಜಾಕ್, ಹೊರುವುದು ಸ್ಟ್ಯಾಂಡ್: ಭಾರದ ತ್ರಿಚಕ್ರ ವಾಹನಕ್ಕೆ ಯಾವ ಜಾಕ್ ಸರಿ?

ತುಮಕೂರು ರಸ್ತೆಯ ಬದಿಯಲ್ಲಿ ಟೊಮೇಟೊ ಪೆಟ್ಟಿಗೆಗಳನ್ನು ಹೇರಿಕೊಂಡ ಗೂಡ್ಸ್ ಆಟೊವೊಂದು ಬಲಕ್ಕೆ ವಾಲಿ ನಿಂತಿತ್ತು. ಹಿಂದಿನ ಬಲಗಾಲಿ ಪಂಕ್ಚರ್ ಆಗಿತ್ತು. ಚಾಲಕ ಸೀಟಿನ ಅಡಿಯಿಂದ ಬಾಟಲ್ ಜಾಕ್ ಹೊರತೆಗೆದು, ರಸ್ತೆಯಂಚಿನ ಮಣ್ಣಿನ ಮೇಲಿಟ್ಟು ಹಿಡಿಕೆ ಒತ್ತತೊಡಗಿದ. ಗಾಲಿ ನೆಲ ಬಿಡುತ್ತಿದ್ದಂತೆ ಜಾಕ್ ಸ್ವಲ್ಪವೇ ಓರೆಯಾಯಿತು. ಪಕ್ಕದಲ್ಲಿ ನಿಂತವರು ಎಚ್ಚರಿಸಿದಾಗ ಆತ ತಲೆಯೆತ್ತದೆ, "ಏನಾಗಲ್ಲ ಸಾರ್, ಎರಡೇ ನಿಮಿಷ" ಎಂದ. ಗಾಲಿ ಕಳಚಿ ಸ್ಟೆಪ್ನಿಯತ್ತ ತಿರುಗುವಷ್ಟರಲ್ಲಿ ವಾಹನ ಜಾಕಿನಿಂದ ಜಾರಿ, ಬ್ರೇಕ್ ಡ್ರಮ್ಮಿನ ಮೇಲೆ ಧೊಪ್ಪನೆ ಕುಳಿತಿತು. ಆ ಕ್ಷಣದಲ್ಲಿ ಅವನ ಕೈ ಅಲ್ಲಿರಲಿಲ್ಲ. ಒಂದು ಕ್ಷಣ ಮೊದಲು ಇತ್ತು.

ಆ ಜಾಕಿನ ಮೈಮೇಲೆ "3 ಟನ್" ಎಂದು ಅಚ್ಚಾಗಿತ್ತು. ಸರಕು ಸಮೇತ ಇಂಥ ವಾಹನದ ತೂಕ ಹೆಚ್ಚೆಂದರೆ ಒಂದು ಟನ್ನಿನ ಆಸುಪಾಸು. ಮೂರು ಪಟ್ಟು ಬಲವಿದ್ದ ಜಾಕ್ ಮುರಿಯಲಿಲ್ಲ, ಅದರ ಎಣ್ಣೆ ಸೋರಲಿಲ್ಲ, ಅದರಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ವಾಹನ ಬಿತ್ತು. ಅಂಗಡಿಗೆ ಹೋಗಿ "ಗಟ್ಟಿಯಾದ ಜಾಕ್ ಕೊಡಿ" ಎಂದು ಕೇಳುವವರು ಸಾಮಾನ್ಯವಾಗಿ ಟನ್ನಿನ ಲೆಕ್ಕವನ್ನಷ್ಟೇ ನೋಡುತ್ತಾರೆ. ತ್ರಿಚಕ್ರ ವಾಹನದ ಮಟ್ಟಿಗೆ ಟನ್ನು ಎಂಬುದು ಕೇಳಬೇಕಾದ ಪ್ರಶ್ನೆಗಳಲ್ಲಿ ಕೊನೆಯದು.

ತೂಕದ ಲೆಕ್ಕ ಎಷ್ಟು?

ಮೊದಲು ಈ ಟನ್ನಿನ ವಿಷಯವನ್ನು ಮುಗಿಸಿಬಿಡೋಣ. ಪ್ರಯಾಣಿಕರ ಆಟೊ ಖಾಲಿ ಇರುವಾಗ ಅದರ ತೂಕ ಮುನ್ನೂರೈವತ್ತರಿಂದ ನಾನೂರು ಕಿಲೋದ ಸುಮಾರಿಗೆ ಬರುತ್ತದೆ. ಇದರಲ್ಲಿ ಮೂರನೆಯ ಒಂದು ಪಾಲು ಮುಂದಿನ ಗಾಲಿಯ ಮೇಲೆ, ಉಳಿದದ್ದು ಹಿಂದಿನ ಎರಡರ ಮೇಲೆ ಹಂಚಿಕೆಯಾಗುತ್ತದೆ ಎಂದಿಟ್ಟುಕೊಂಡರೆ, ಹಿಂದಿನ ಒಂದು ಗಾಲಿ ಹೊರುವುದು ನೂರಮೂವತ್ತು ಕಿಲೋದಷ್ಟು ಮಾತ್ರ. ಒಂದು ಟನ್ ತೂಗುವ, ಹೇರು ತುಂಬಿದ ಗೂಡ್ಸ್ ಆಟೊದಲ್ಲಿ ಅದು ಮುನ್ನೂರೈವತ್ತು ಕಿಲೋ ಆದೀತು. ಒಂದು ಗಾಲಿಯನ್ನು ಎತ್ತುವ ಜಾಕ್ ಇಡೀ ವಾಹನವನ್ನು ಎತ್ತುವುದಿಲ್ಲ; ಆ ಗಾಲಿಯ ಪಾಲಿನ ಭಾರವನ್ನಷ್ಟೇ ಎತ್ತುತ್ತದೆ. ಹೀಗಾಗಿ ಎರಡು ಟನ್ನಿನ ಜಾಕ್ ಧಾರಾಳ ಸಾಕು. ಇಡೀ ವಾಹನದ ತೂಕದ ಎರಡರಷ್ಟು ಸಾಮರ್ಥ್ಯವಿದ್ದರೆ ಆ ಚಿಂತೆಯನ್ನು ಅಲ್ಲಿಗೆ ಬಿಡಬಹುದು.

ಐದು ಟನ್ನಿನದು ಇನ್ನೂ ಭದ್ರ ಎಂದು ಭಾವಿಸುವುದರಲ್ಲಿ ಒಂದು ತೊಡಕೂ ಇದೆ. ಬಾಟಲ್ ಜಾಕಿನ ಸಾಮರ್ಥ್ಯ ಹೆಚ್ಚಿದಂತೆ ಮುಚ್ಚಿದ ಸ್ಥಿತಿಯಲ್ಲಿಯೂ ಅದರ ಎತ್ತರ ಹೆಚ್ಚುತ್ತದೆ. ಆಟೊಗಳಲ್ಲಿ ಬಳಸುವ 4.00-8 ಅಳತೆಯ ಟೈರಿನಲ್ಲಿ ರಿಮ್ಮಿನ ವ್ಯಾಸ ಎಂಟು ಇಂಚು, ಟೈರಿನ ದಪ್ಪ ನಾಲ್ಕು ಇಂಚು. ಗಾಳಿ ಹೋಗಿ ರಿಮ್ಮು ನೆಲಕ್ಕೆ ಹತ್ತಿದಾಗ ಆ ಬದಿ ಏಳೆಂಟು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಗಾಳಿ ಇದ್ದಾಗ ಸಲೀಸಾಗಿ ಅಡಿಗೆ ತೂರುತ್ತಿದ್ದ ಹದಿನೆಂಟು ಸೆಂಟಿಮೀಟರಿನ ಜಾಕ್, ನಿಜವಾಗಿ ಬೇಕಾದ ಹೊತ್ತಿನಲ್ಲಿ ಒಳಗೆ ಹೋಗುವುದಿಲ್ಲ. ಆಗ ಚಾಲಕ ಏನು ಮಾಡುತ್ತಾನೆ? ಜಾಕ್ ಎಲ್ಲಿ ಹಿಡಿಸುತ್ತದೆಯೋ ಅಲ್ಲಿ ಕೊಡುತ್ತಾನೆ. ಅದು ತಗಡಿನ ಅಂಚಾಗಿರಬಹುದು, ಮಡ್‌ಗಾರ್ಡ್ ಆಗಿರಬಹುದು. ತಪ್ಪಾದ ಜಾಗದಲ್ಲಿ ಕೊಟ್ಟ ಐದು ಟನ್ನಿನ ಜಾಕಿಗಿಂತ ಸರಿಯಾದ ಜಾಗಕ್ಕೆ ಹೋಗುವ ಎರಡು ಟನ್ನಿನ ಜಾಕ್ ಎಷ್ಟೋ ಮೇಲು. ಆದ್ದರಿಂದ ಕೊಳ್ಳುವ ಮೊದಲು ಒಂದು ಕೆಲಸ ಮಾಡಬೇಕು. ಗಾಲಿಯೊಂದರ ಗಾಳಿ ಬಿಟ್ಟು, ಜಾಕ್ ಕೊಡಬೇಕಾದ ಜಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಸ್ಕೇಲಿನಿಂದ ಅಳೆದು ಬರೆದಿಟ್ಟುಕೊಳ್ಳಬೇಕು. ಅಂಗಡಿಯವನಿಗೆ ಹೇಳಬೇಕಾದ ಮೊದಲ ಅಂಕಿ ಅದು.

ಮೂರು ಕಾಲಿನ ಮಣೆ

ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಅಲುಗಾಡದೆ ಕೂರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ತ್ರಿಚಕ್ರ ವಾಹನದ ಅನುಕೂಲವೂ ಅದೇ. ಆದರೆ ಮಣೆಯ ಒಂದು ಕಾಲನ್ನು ತೆಗೆದು ಅದರ ಬದಲು ಬೇರೆಡೆ ಒಂದು ಊರುಗೋಲು ಕೊಟ್ಟರೆ ಏನಾಗುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಮೂರು ಗಾಲಿಗಳು ನೆಲ ಮುಟ್ಟುವ ಬಿಂದುಗಳನ್ನು ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನ ಸಿಗುತ್ತದೆ. ವಾಹನದ ಗುರುತ್ವ ಕೇಂದ್ರದಿಂದ ನೆಲಕ್ಕೆ ಇಳಿಬಿಟ್ಟ ತೂಗುಗುಂಡು ಈ ತ್ರಿಕೋನದ ಒಳಗೆ ಬೀಳುವವರೆಗೆ ವಾಹನ ನಿಲ್ಲುತ್ತದೆ. ಹೊರಗೆ ಬಿದ್ದರೆ ಮಗುಚುತ್ತದೆ. ಕಾರಿನ ನಾಲ್ಕು ಗಾಲಿಗಳಲ್ಲಿ ಒಂದನ್ನು ಎತ್ತಿದರೂ ಉಳಿದ ಮೂರು ನೆಲದ ಮೇಲಿರುತ್ತವೆ. ಜಾಕ್ ಜಾರಿದರೂ ಕಾರು ಆ ಮೂಲೆಯಲ್ಲಷ್ಟೇ ಕುಸಿಯುತ್ತದೆ. ತ್ರಿಚಕ್ರ ವಾಹನದಲ್ಲಿ ಒಂದು ಗಾಲಿ ಎತ್ತಿದರೆ ಉಳಿಯುವುದು ಎರಡೇ. ಆಗ ತ್ರಿಕೋನದ ಮೂರನೆಯ ಮೂಲೆ ಜಾಕ್ ಆಗುತ್ತದೆ. ಅಂದರೆ ಜಾಕ್ ಆ ಹೊತ್ತಿಗೆ ಬರಿಯ ಎತ್ತುವ ಸಾಧನವಾಗಿ ಉಳಿಯುವುದಿಲ್ಲ, ವಾಹನದ ಒಂದು ಕಾಲೇ ಆಗಿಬಿಡುತ್ತದೆ. ಕಾರಿನ ಜಾಕನ್ನು ಹಾಗೆಯೇ ತಂದು ಆಟೊಗೆ ಬಳಸಬಾರದು ಎನ್ನುವುದಕ್ಕೆ ಇದೇ ಕಾರಣ.

ಹಿಂದಿನ ಬಲಗಾಲಿಯನ್ನು ಎತ್ತಲು ಗಾಲಿಯ ತೀರ ಸಮೀಪದಲ್ಲಿ ಜಾಕ್ ಕೊಟ್ಟರೆ ತ್ರಿಕೋನ ಹೆಚ್ಚುಕಡಿಮೆ ಮೊದಲಿನಷ್ಟೇ ಅಗಲವಾಗಿರುತ್ತದೆ. ಅದೇ ಜಾಕನ್ನು ಒಳಕ್ಕೆ, ವಾಹನದ ನಡುಭಾಗದತ್ತ ಸರಿಸಿದಷ್ಟೂ ತ್ರಿಕೋನ ಕಿರಿದಾಗುತ್ತ ಹೋಗುತ್ತದೆ. ಕೆಲವರು ಎರಡೂ ಹಿಂಗಾಲಿಗಳನ್ನು ಒಟ್ಟಿಗೆ ಎತ್ತಲು ಸರಿಯಾಗಿ ಮಧ್ಯದಲ್ಲಿ, ಎಂಜಿನ್ನಿನ ಕೆಳಗೆ ಒಂದೇ ಜಾಕ್ ಕೊಡುವುದುಂಟು. ಅಲ್ಲಿಗೆ ಉಳಿಯುವುದು ಮುಂದಿನ ಗಾಲಿ ಮತ್ತು ಜಾಕಿನ ತಲೆ, ಎರಡೇ ಬಿಂದು. ತ್ರಿಕೋನ ಮಾಯವಾಗಿ ಬರಿಯ ಗೆರೆ ಉಳಿಯಿತು. ರೂಪಾಯಿ ನಾಣ್ಯದಷ್ಟು ಅಗಲದ ಜಾಕಿನ ತಲೆಯ ಮೇಲೆ ಇಡೀ ವಾಹನ ಗರಗರ ತಿರುಗಲು ಕಾದು ನಿಂತಂತೆ. ಇದು ಯಾವ ಜಾಕಿನಿಂದಲೂ ಮಾಡಬಾರದ ಕೆಲಸ.

ಮುಂದಿನ ಗಾಲಿಯನ್ನು ಎತ್ತುವುದು ಇದಕ್ಕಿಂತ ಸುಲಭ. ಹಿಂದೆ ಎರಡು ಗಾಲಿ ಅಗಲವಾಗಿ ಕುಳಿತಿರುತ್ತವೆ, ಮುಂದೆ ಜಾಕ್ ಇರುತ್ತದೆ, ತ್ರಿಕೋನ ಭದ್ರವಾಗಿರುತ್ತದೆ. ಆದರೆ ಗೂಡ್ಸ್ ಆಟೊದ ತೊಟ್ಟಿಯಲ್ಲಿ ಸರಕನ್ನೆಲ್ಲ ಹಿಂಬದಿಗೆ ಒತ್ತಿ ಹೇರಿದ್ದರೆ ಮುಂಭಾಗ ಮೊದಲೇ ಹಗುರಾಗಿರುತ್ತದೆ. ಹಾಗಿರುವಾಗ ಮುಂಭಾಗವನ್ನು ಇನ್ನಷ್ಟು ಎತ್ತಿದರೆ ಭಾರ ಹಿಂದಕ್ಕೇ ಜಗ್ಗುತ್ತದೆ. ಸರಕು ಇಳಿಸುವುದು ಬೇಸರದ ಕೆಲಸ, ಮಂಡಿಗೆ ಹೊತ್ತಾಗುತ್ತದೆ ಎಂಬುದೂ ನಿಜ. ಆದರೂ ಅರ್ಧ ಹೇರನ್ನಾದರೂ ಇಳಿಸದೆ ಜಾಕ್ ಮುಟ್ಟಬಾರದು. ಪ್ರಯಾಣಿಕರ ಆಟೊದಲ್ಲಿ ಒಳಗೆ ಕುಳಿತವರು ಇಳಿಯಲೇಬೇಕು, ಮಳೆ ಬರುತ್ತಿದ್ದರೂ.

ಗೇರಿಗೆ ಹಾಕಿದರೆ ನಿಲ್ಲುವುದಿಲ್ಲ

ಬಹಳ ಮಂದಿಗೆ ತಿಳಿಯದ ಒಂದು ಸಂಗತಿ ಇಲ್ಲಿದೆ. ವಾಹನ ಉರುಳದಂತೆ ಮೊದಲನೆಯ ಗೇರಿಗೆ ಹಾಕಿ ನಿಲ್ಲಿಸಿದ್ದೇನೆ, ಇನ್ನು ಭಯವಿಲ್ಲ ಎಂದು ಚಾಲಕರು ಹೇಳುವುದುಂಟು. ಎರಡೂ ಹಿಂಗಾಲಿಗಳು ನೆಲದ ಮೇಲಿರುವವರೆಗೆ ಅದು ಸರಿ. ಆದರೆ ಆಟೊದ ಹಿಂಗಾಲಿಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಜೋಡಣೆ ಇರುತ್ತದೆ. ತಿರುವಿನಲ್ಲಿ ಒಳಗಿನ ಗಾಲಿ ನಿಧಾನವಾಗಿ, ಹೊರಗಿನದು ವೇಗವಾಗಿ ಸುತ್ತಲು ಅವಕಾಶ ಕೊಡುವುದು ಅದರ ಕೆಲಸ. ಎಂಜಿನ್ ಹಿಡಿದುಕೊಂಡಿದ್ದರೂ ಒಂದು ಗಾಲಿ ಮುಂದಕ್ಕೆ ಸುತ್ತಿದರೆ ಇನ್ನೊಂದು ಅಷ್ಟೇ ಹಿಂದಕ್ಕೆ ಸುತ್ತಬಲ್ಲದು. ಒಂದು ಗಾಲಿ ಗಾಳಿಯಲ್ಲಿ ತೂಗುತ್ತಿದ್ದರೆ ಅದನ್ನು ತಡೆಯುವವರಿಲ್ಲ. ಆದ್ದರಿಂದ ನೆಲದ ಮೇಲಿರುವ ಗಾಲಿಯೂ ಸ್ವತಂತ್ರವಾಗಿ ಉರುಳುತ್ತದೆ. ಜಾಕ್ ಎತ್ತಿದ ಆ ಗಳಿಗೆಯಲ್ಲೇ ಗೇರಿನ ಹಿಡಿತ ಕಳಚಿಹೋಗುತ್ತದೆ. ಬ್ಯಾಟರಿ ಆಟೊಗಳಲ್ಲಿ ಸಾಮಾನ್ಯವಾಗಿ ಗೇರಿಗೆ ಹಾಕಿ ನಿಲ್ಲಿಸುವ ಮಾತೇ ಇಲ್ಲ.

ಕೈ ಬ್ರೇಕ್ ಗಾಲಿಯ ಡ್ರಮ್ಮನ್ನೇ ಹಿಡಿಯುವುದರಿಂದ ನೆಲದ ಮೇಲುಳಿದ ಒಂದು ಹಿಂಗಾಲಿಯನ್ನಾದರೂ ಅದು ತಡೆದೀತು, ಕೇಬಲ್ ಸಡಿಲವಾಗಿರದಿದ್ದರೆ. ಎಷ್ಟು ಆಟೊಗಳಲ್ಲಿ ಅದು ಸರಿಯಾಗಿರುತ್ತದೆ ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಹೀಗಾಗಿ ನಿಜವಾದ ಆಧಾರ ಒಂದೇ: ನೆಲದ ಮೇಲಿರುವ ಎರಡೂ ಗಾಲಿಗಳಿಗೆ ಮುಂದೊಂದು, ಹಿಂದೊಂದು ಕಲ್ಲು ಕೊಡುವುದು. ಉರುಟು ಕಲ್ಲಿಗಿಂತ ಆಪು ಆಕಾರದಲ್ಲಿ ಕತ್ತರಿಸಿದ ಮರದ ತುಂಡು ಒಳ್ಳೆಯದು. ಅಂಥ ನಾಲ್ಕು ತುಂಡುಗಳು ಸೀಟಿನ ಕೆಳಗೆ ಹಿಡಿಸುತ್ತವೆ.

ಇದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಅಳತೆ. ಸಣ್ಣ ಬಾಟಲ್ ಜಾಕಿನ ಬುಡ ಸುಮಾರು ಹತ್ತು ಸೆಂಟಿಮೀಟರ್ ಅಗಲ. ಪೂರ್ತಿ ಎತ್ತಿದಾಗ ಅದರ ಎತ್ತರ ಮೂವತ್ತು ಸೆಂಟಿಮೀಟರ್ ಮೀರುತ್ತದೆ. ಅದರ ತಲೆ ಬುಡದ ನಡುವಿನಿಂದ ಐದು ಸೆಂಟಿಮೀಟರ್ ಆಚೆ ಸರಿದರೆ ಕಥೆ ಮುಗಿಯಿತು. ವಾಹನ ಎರಡು ಇಂಚು ಉರುಳಿದರೆ ಸಾಕು. ತುಮಕೂರು ರಸ್ತೆಯ ಆ ಆಟೊ ಉರುಳಿದ್ದು ಅಷ್ಟೇ.

ಬಾಟಲ್, ಸ್ಕ್ರೂ, ಟ್ರಾಲಿ

ಜಾಕ್‌ಗಳಲ್ಲಿ ನಮ್ಮ ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ. ಹೆಚ್ಚು ಬಳಕೆಯಲ್ಲಿರುವುದು ಎಣ್ಣೆಯ ಬಾಟಲ್ ಜಾಕ್. ಬ್ರಿಟನ್ನಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಅದೇ ತತ್ವವನ್ನು ಕೈಯಲ್ಲಿ ಒಯ್ಯಬಹುದಾದ ಜಾಕಿಗೆ ಅಳವಡಿಸಿ 1851ರಲ್ಲಿ ಪೇಟೆಂಟ್ ಪಡೆದವನು ನ್ಯೂಯಾರ್ಕಿನ ರಿಚರ್ಡ್ ಡಜನ್. ಅಂದಿನಿಂದ ಇಂದಿನವರೆಗೆ ಒಳಗಿನ ಕೆಲಸ ಹೆಚ್ಚೇನೂ ಬದಲಾಗಿಲ್ಲ.

ಒಂದು ಸೆಂಟಿಮೀಟರ್ ವ್ಯಾಸದ ಸಣ್ಣ ಕೊಂತ ಎಣ್ಣೆಯನ್ನು ಒತ್ತುತ್ತದೆ; ಮೂರು ಸೆಂಟಿಮೀಟರ್ ವ್ಯಾಸದ ದೊಡ್ಡ ಕೊಂತ ಮೇಲೇಳುತ್ತದೆ ಎಂದುಕೊಳ್ಳೋಣ. ವ್ಯಾಸ ಮೂರು ಪಟ್ಟಾದರೆ ವಿಸ್ತೀರ್ಣ ಒಂಬತ್ತು ಪಟ್ಟು, ಬಲವೂ ಒಂಬತ್ತು ಪಟ್ಟು. ಹಿಡಿಕೆ ಸನ್ನೆಗೋಲಿನಂತೆ ಇನ್ನೊಂದು ಹದಿನೈದು ಪಟ್ಟು ಸೇರಿಸಿದರೆ, ಹದಿನೈದು ಕಿಲೋದ ಒತ್ತು ಎರಡು ಟನ್ನನ್ನು ಎತ್ತುತ್ತದೆ. ಇದಕ್ಕೆ ಬೆಲೆಯಾಗಿ ತೆರುವುದು ತಾಳ್ಮೆಯನ್ನು. ಸಣ್ಣ ಕೊಂತ ಎರಡು ಸೆಂಟಿಮೀಟರ್ ಇಳಿದರೆ ದೊಡ್ಡದು ಏರುವುದು ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು. ಹತ್ತು ಸೆಂಟಿಮೀಟರ್ ಎತ್ತಲು ನಲವತ್ತೈದು ಸಲ ಒತ್ತಬೇಕು.

ಈ ಎಲ್ಲ ಭಾರ ನಿಂತಿರುವುದು ಒಂದು ಪುಟ್ಟ ಉಕ್ಕಿನ ಗುಂಡು ಮತ್ತು ರಬ್ಬರಿನ ಸೀಲಿನ ಮೇಲೆ. ಗುಂಡಿನ ಕೆಳಗೆ ಒಂದು ಕಣ ಕಸ ಸಿಕ್ಕಿಕೊಂಡರೆ ಎಣ್ಣೆ ಹಿಂದಕ್ಕೆ ಜಿನುಗುತ್ತದೆ, ವಾಹನ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತದೆ. ಎಣ್ಣೆಯ ಜಾಕ್ ಎತ್ತುವುದಕ್ಕೆ ಇರುವುದೇ ಹೊರತು ಹೊತ್ತುಕೊಂಡು ನಿಲ್ಲುವುದಕ್ಕಲ್ಲ ಎಂದು ಮೆಕ್ಯಾನಿಕ್‌ಗಳು ಪದೇ ಪದೇ ಹೇಳುವುದು ಇದಕ್ಕಾಗಿ.

ಸ್ಕ್ರೂ ಜಾಕ್ ಹಳೆಯದು, ನಿಧಾನ, ಕೈಗೆ ನೋವು. ಆದರೆ ಅದರ ಮರೆಯ ಇಳಿಜಾರು ಎಷ್ಟು ಕಡಿಮೆಯೆಂದರೆ ಮೇಲಿನಿಂದ ಎಷ್ಟೇ ಭಾರ ಒತ್ತಿದರೂ ಘರ್ಷಣೆಯಿಂದಾಗಿ ಅದು ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಸೋರಲು ಎಣ್ಣೆಯೇ ಇಲ್ಲ. ವರ್ಷಕ್ಕೆರಡು ಸಲ ಗ್ರೀಸ್ ಹಚ್ಚಿ, ಮಣ್ಣು ಕೂರದಂತೆ ಗೋಣಿಯಲ್ಲಿ ಸುತ್ತಿಟ್ಟರೆ ಮಕ್ಕಳ ಕಾಲಕ್ಕೂ ಬರುತ್ತದೆ. ರಸ್ತೆಯಲ್ಲಿ ಒಬ್ಬಂಟಿಯಾಗಿ ಗಾಲಿ ಬದಲಿಸುವ ಚಾಲಕನಿಗೆ, ಅಗಲ ಬುಡದ ಸ್ಕ್ರೂ ಜಾಕ್ ಬಾಟಲ್ ಜಾಕಿಗಿಂತ ಒಳ್ಳೆಯದೆಂಬುದು ಈ ಲೇಖಕನ ಅಭಿಪ್ರಾಯ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಕಾರುಗಳ ಜೊತೆ ಬರುವ, ಮಡಚಿದರೆ ಚಪ್ಪಟೆಯಾಗುವ ಕತ್ತರಿ ಜಾಕ್ ತಗ್ಗು ಜಾಗಕ್ಕೆ ಸುಲಭವಾಗಿ ಹೋಗುತ್ತದೆ. ಆದರೆ ಪೂರ್ತಿ ಮಡಚಿದ ಸ್ಥಿತಿಯಲ್ಲೇ ಅದು ಅತ್ಯಂತ ದುರ್ಬಲ. ಅದರ ತೋಳುಗಳು ನೆಲಕ್ಕೆ ಹದಿನೈದು ಡಿಗ್ರಿಯಷ್ಟೇ ಓರೆಯಿದ್ದಾಗ ಅಡ್ಡ ಸ್ಕ್ರೂವಿನ ಮೇಲೆ ಬೀಳುವ ಎಳೆತ, ಎತ್ತುವ ಭಾರದ ಮೂರೂಮುಕ್ಕಾಲು ಪಟ್ಟಿನಷ್ಟು. ತೋಳುಗಳು ನಲವತ್ತೈದು ಡಿಗ್ರಿಗೆ ಬಂದಾಗ ಅದು ಭಾರದಷ್ಟಕ್ಕೇ ಇಳಿಯುತ್ತದೆ. ಮೊದಲ ಕೆಲವು ಸುತ್ತು ಬಿಗಿಯಾಗಿದ್ದು ಆಮೇಲೆ ಸಲೀಸಾಗುವುದನ್ನು ಬಳಸಿದವರೆಲ್ಲ ಗಮನಿಸಿರುತ್ತಾರೆ. ಜಾಗವಿದ್ದರೆ ಕೆಳಗೆ ದಪ್ಪ ಹಲಗೆ ಕೊಟ್ಟು, ಜಾಕ್ ಅರ್ಧ ತೆರೆದ ಮೇಲೆ ಭಾರ ಬೀಳುವಂತೆ ನೋಡಿಕೊಳ್ಳುವುದು ಜಾಣತನ. ಇದರ ಬುಡ ಕಿರಿದು, ಪಕ್ಕದ ಒತ್ತಡವನ್ನು ತಾಳುವುದಿಲ್ಲ. ವಾಹನದ ಒಂದು ಕಾಲಾಗಿ ನಿಲ್ಲಬೇಕಾದ ಕಡೆ ಇದನ್ನು ನಂಬುವುದು ಕಷ್ಟ.

ಗ್ಯಾರೇಜಿನಲ್ಲಿ ಕಾಣುವ ಚಕ್ರವಿರುವ ಟ್ರಾಲಿ ಜಾಕ್ ನೋಡಲು ಎಲ್ಲಕ್ಕಿಂತ ಭದ್ರ. ಬುಡ ಅಗಲ, ತಲೆ ಅಗಲ, ಹತ್ತು-ಹದಿಮೂರು ಸೆಂಟಿಮೀಟರಿನ ಸಂದಿನಲ್ಲೂ ತೂರುವ ತಗ್ಗು ಮೈ. ಗಟ್ಟಿ ನೆಲದ ಮೇಲೆ ಇದಕ್ಕೆ ಸಾಟಿಯಿಲ್ಲ. ಆದರೆ ಇದರ ತೋಳು ಮೇಲೇಳುವುದು ನೇರವಾಗಿಯಲ್ಲ, ಕಮಾನಿನಂತೆ. ತಲೆ ಏರುತ್ತ ಏರುತ್ತ ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ತಕ್ಕಂತೆ ಕೆಳಗಿನ ಚಕ್ರಗಳು ಮುಂದಕ್ಕೆ ಉರುಳಬೇಕು. ಜಲ್ಲಿಯಲ್ಲೋ ಮಣ್ಣಿನಲ್ಲೋ ಚಕ್ರಗಳು ಸಿಕ್ಕಿಕೊಂಡರೆ ಜಾಕ್ ವಾಹನವನ್ನೇ ತನ್ನತ್ತ ಎಳೆಯುತ್ತದೆ, ಇಲ್ಲವೇ ತಲೆ ಜಾರುತ್ತದೆ. ಸಿಮೆಂಟ್ ನೆಲದ ಈ ರಾಜ ರಸ್ತೆಯ ಬದಿಗೆ ಬಂದರೆ ಅಪಾಯಕಾರಿ.

ನೆಲದ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಹತ್ತು ಸೆಂಟಿಮೀಟರ್ ಚೌಕದ ಬುಡದ ಮೇಲೆ ಮುನ್ನೂರೈವತ್ತು ಕಿಲೋ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಮೂರೂವರೆ ಕಿಲೋ ಒತ್ತಡ. ಮಳೆಯಲ್ಲಿ ನೆನೆದ ಮಣ್ಣು ಇದನ್ನು ತಾಳದು; ಬೇಸಿಗೆಯ ಮಧ್ಯಾಹ್ನದಲ್ಲಿ ಮೆತ್ತಗಾದ ಡಾಂಬರೂ ತಗ್ಗುಬೀಳುತ್ತದೆ. ಅದೇ ಜಾಕಿನ ಕೆಳಗೆ ಮೂವತ್ತು ಸೆಂಟಿಮೀಟರ್ ಚೌಕದ ದಪ್ಪ ಹಲಗೆ ಕೊಟ್ಟರೆ ಒತ್ತಡ ನಾನೂರು ಗ್ರಾಂಗೆ ಇಳಿಯುತ್ತದೆ. ಮುರಿದ ಇಟ್ಟಿಗೆ, ಚರಂಡಿಯ ಮೇಲಿನ ಚಪ್ಪಡಿ, ಪಾದಚಾರಿ ಮಾರ್ಗದ ಸಡಿಲ ಟೈಲ್ಸ್ ಇವು ಯಾವುವೂ ಜಾಕ್ ಇಡುವ ಜಾಗಗಳಲ್ಲ.

ಅಮೆರಿಕದ ಟ್ರೈಕ್‌ಗಳ ಪಾಠ

ನಮ್ಮ ಆಟೊದ ಬಂಧುಗಳು ಹೊರದೇಶಗಳಲ್ಲೂ ಇವೆ. ಇಟಲಿಯ ಪಿಯಾಜಿಯೊ ಕಂಪೆನಿಗಾಗಿ ಕೊರಾಡಿನೊ ಡಸ್ಕಾನಿಯೊ ರೂಪಿಸಿದ 'ಆಪೆ' ಬಂದದ್ದು 1948ರಲ್ಲಿ. ಇಟಾಲಿಯನ್ ಭಾಷೆಯಲ್ಲಿ ಆಪೆ ಎಂದರೆ ಜೇನುನೊಣ. ಅಮೆರಿಕದಲ್ಲಿ ಹಾರ್ಲೆ ಡೇವಿಡ್‌ಸನ್ ಕಂಪೆನಿ 1932ರಿಂದ 1973ರವರೆಗೆ 'ಸರ್ವಿ-ಕಾರ್' ಎಂಬ ಮೂರು ಗಾಲಿಯ ಮೋಟಾರ್ ಸೈಕಲ್ ತಯಾರಿಸಿತ್ತು. 2009ರ ಮಾದರಿಯಾಗಿ ಬಂದ ಅದೇ ಕಂಪೆನಿಯ 'ಟ್ರೈ ಗ್ಲೈಡ್' ತೂಗುವುದು ಸುಮಾರು ಐನೂರ ಅರವತ್ತು ಕಿಲೋ. ನಮ್ಮ ಖಾಲಿ ಆಟೊಗಿಂತ ಒಂದೂವರೆ ಪಟ್ಟು. ಕೆನಡಾದ ಬಿಆರ್‌ಪಿ ಕಂಪೆನಿ 2007ರಲ್ಲಿ ಹೊರತಂದ 'ಸ್ಪೈಡರ್' ಇದಕ್ಕೆ ತಿರುಗುಮುರುಗು. ಮುಂದೆ ಎರಡು ಗಾಲಿ, ಹಿಂದೆ ಒಂದು.

ಈ ಟ್ರೈಕ್‌ಗಳನ್ನು ಎತ್ತುವ ಕಷ್ಟವೇ ಬೇರೆ. ಇವುಗಳ ಹೊಟ್ಟೆ ನೆಲಕ್ಕೆ ತೀರ ಸಮೀಪ. ಎರಡು ಚಕ್ರದ ಬೈಕಿಗೆಂದು ಮಾಡಿದ ಲಿಫ್ಟ್‌ಗಳು ಹಲವು ಟ್ರೈಕ್‌ಗಳ ಅಡಿಗೆ ಹೋಗುವುದಿಲ್ಲ, ಹೋದರೂ ಅವುಗಳ ತೂಕದ ಮಿತಿ ಸಾಲದೆ ಹೋಗಬಹುದು. ಬೈಕಿನ ಲಿಫ್ಟ್‌ಗಳಲ್ಲಿ ಆರುನೂರ ಎಂಬತ್ತು ಕಿಲೋ, ಅಂದರೆ ಒಂದೂವರೆ ಸಾವಿರ ಪೌಂಡ್ ಮಿತಿಯವು ಸಾಮಾನ್ಯ. ಟ್ರೈ ಗ್ಲೈಡನ್ನು ಇಡಿಯಾಗಿ ಎತ್ತಿದರೆ ಉಳಿಯುವ ಅಂತರ ನೂರು ಕಿಲೋ ಚಿಲ್ಲರೆ. ಆದ್ದರಿಂದ ಅಲ್ಲಿ ಅನುಭವಸ್ಥರು ಚೌಕಟ್ಟಿನ ಎರಡೂ ಕೊಳವೆಗಳನ್ನು ಒಟ್ಟಿಗೆ ಹಿಡಿಯುವ ಅಗಲ ತಲೆಯ ಟ್ರಾಲಿ ಜಾಕನ್ನು ಬಳಸಿ, ಒಂದು ಬದಿಯನ್ನೋ ಒಂದು ತುದಿಯನ್ನೋ ಮಾತ್ರ ಎತ್ತಿ, ತಕ್ಷಣ ಸ್ಟ್ಯಾಂಡ್ ಕೊಡುತ್ತಾರೆ. ತಲೆಯ ಮೇಲೆ ರಬ್ಬರಿನ ಹಾಸು ಅಥವಾ ಮರದ ತುಂಡು ಇರಲೇಬೇಕು. ಉಕ್ಕಿನ ಮೇಲೆ ಉಕ್ಕು ಜಾರುವಷ್ಟು ಸುಲಭವಾಗಿ ಮರದ ಮೇಲೆ ಜಾರದು.

ಈ ಮಾತು ಆಟೊಗೂ ಸಲ್ಲುತ್ತದೆ. ಆಟೊದ ಹಿಂಗಾಲಿ ಒಂದು ಓರೆ ತೋಳಿನ ತುದಿಯಲ್ಲಿರುತ್ತದೆ. ಮೈಗೆ ಜಾಕ್ ಕೊಟ್ಟರೆ ಮೊದಲು ಸ್ಪ್ರಿಂಗ್ ಬಿಚ್ಚಿಕೊಂಡು ಗಾಲಿ ಕೆಳಗೇ ಜೋತುಬೀಳುತ್ತದೆ. ಜಾಕಿನ ಅರ್ಧ ಎತ್ತರ ಅಲ್ಲೇ ವ್ಯರ್ಥ. ತೋಳಿಗೇ ಕೊಟ್ಟರೆ ಗಾಲಿ ಬೇಗ ಏಳುತ್ತದೆ, ಆದರೆ ತೋಳು ಓರೆಯಾಗಿರುವುದರಿಂದ ಸಪಾಟು ತಲೆ ಜಾರುತ್ತದೆ. ನಡುವೆ ತಗ್ಗಿರುವ, ಬಟ್ಟಲಿನಂಥ ತಲೆಯ ಜಾಕ್ ಇಲ್ಲಿ ಬೇಕು. ವಾಹನದ ಕೈಪಿಡಿಯಲ್ಲಿ ಜಾಕ್ ಕೊಡಬೇಕಾದ ಜಾಗವನ್ನು ತೋರಿಸಿದ್ದರೆ ಅದೇ ಅಂತಿಮ. ಬ್ರೇಕಿನ ಕೊಳವೆ, ಗ್ಯಾಸ್ ಸಿಲಿಂಡರಿನ ಕಟ್ಟು, ಬ್ಯಾಟರಿ ಆಟೊಗಳಲ್ಲಿ ಬ್ಯಾಟರಿಯ ಪೆಟ್ಟಿಗೆ, ಇವುಗಳ ಕೆಳಗೆ ಮಾತ್ರ ಎಂದಿಗೂ ಬೇಡ.

ಸ್ಟ್ಯಾಂಡ್ ಇಲ್ಲದ ಜಾಕ್ ಅರ್ಧ ಸಾಧನ

ರಸ್ತೆಯಲ್ಲಿ ಗಾಲಿ ಬದಲಿಸುವಷ್ಟಕ್ಕೆ ಜಾಕ್ ಸಾಕಾದೀತು, ಮೈಯ ಯಾವ ಭಾಗವೂ ವಾಹನದ ಅಡಿಗೆ ಹೋಗದಿದ್ದರೆ. ಕಳಚಿದ ಗಾಲಿಯನ್ನೋ ಸ್ಟೆಪ್ನಿಯನ್ನೋ ಚೌಕಟ್ಟಿನ ಅಡಿಗೆ ಮಲಗಿಸಿಡುವ ಹಳೆಯ ಚಾಲಕರ ಪದ್ಧತಿ ಬಹಳ ಒಳ್ಳೆಯದು. ಜಾಕ್ ಜಾರಿದರೂ ವಾಹನ ಅದರ ಮೇಲೆ ಕೂರುತ್ತದೆ. ಆದರೆ ಬ್ರೇಕ್, ಆಕ್ಸಲ್, ಗೇರ್‌ಬಾಕ್ಸಿನ ಕೆಲಸಕ್ಕೆ ಅಡಿಗೆ ಮಲಗುವುದಾದರೆ ಸ್ಟ್ಯಾಂಡ್ ಇರಲೇಬೇಕು. ನಮ್ಮ ಎಷ್ಟೋ ಸಣ್ಣ ಗ್ಯಾರೇಜುಗಳಲ್ಲಿ ಸ್ಟ್ಯಾಂಡಿನ ಸ್ಥಾನದಲ್ಲಿ ಇಂದಿಗೂ ಸಿಮೆಂಟ್ ಇಟ್ಟಿಗೆ ಕಾಣುತ್ತದೆ. ಟೊಳ್ಳು ಇಟ್ಟಿಗೆ ಗೋಡೆಯ ಹರಡಿದ ಭಾರವನ್ನು ಹೊರುತ್ತದೆ; ಒಂದೇ ಕಡೆ ಉಕ್ಕಿನ ಅಂಚು ಒತ್ತಿದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ದೊಡ್ಡ ಗ್ಯಾರೇಜುಗಳ ಮಾತಲ್ಲ ಇದು. ಹದಿನೆಂಟು-ಇಪ್ಪತ್ತರ ಹುಡುಗರು ಅಡಿಗೆ ಮಲಗಿ ದುಡಿಯುವ ಬೀದಿಯಂಚಿನ ಗ್ಯಾರೇಜುಗಳದ್ದು.

ಸ್ಟ್ಯಾಂಡನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಮೆರಿಕದ ಹಾರ್ಬರ್ ಫ್ರೈಟ್ ಕಂಪೆನಿ 2020ರಲ್ಲಿ ತಾನು ಮಾರಿದ್ದ ಮೂರು ಮತ್ತು ಆರು ಟನ್ನಿನ ಲಕ್ಷಾಂತರ ಸ್ಟ್ಯಾಂಡ್‌ಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಭಾರ ಹೊತ್ತಾಗ ಹಲ್ಲಿನ ಕಂಬವನ್ನು ಹಿಡಿಯುವ ಕೊಂಡಿ ಬಿಟ್ಟುಕೊಡಬಹುದಾಗಿತ್ತು. ಬದಲಿಗೆ ಕೊಟ್ಟ ಕೆಲವು ಸ್ಟ್ಯಾಂಡ್‌ಗಳ ಬೆಸುಗೆಯಲ್ಲೂ ದೋಷ ಕಂಡು ಅದೇ ವರ್ಷ ಮತ್ತೊಮ್ಮೆ ಹಿಂದಕ್ಕೆ ಕರೆಯಿತು. ಹಲ್ಲಿನ ಕಂಬದ ಸ್ಟ್ಯಾಂಡಿಗಿಂತ, ಕೊಳವೆಗೆ ಆರಪಾರು ತೂತು ಕೊರೆದು ದಪ್ಪ ಪಿನ್ನು ತೂರಿಸುವ ಸ್ಟ್ಯಾಂಡ್ ಸರಳ. ಪಿನ್ನು ಕೂತಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಐದು ಟನ್ನಿನ ಜಾಕಿಗೆ ತೆರುವ ಹಣದಲ್ಲಿ ಎರಡು ಟನ್ನಿನ ಜಾಕ್ ಕೊಂಡು, ಉಳಿದದ್ದನ್ನು ಇಂಥ ಜೋಡಿ ಸ್ಟ್ಯಾಂಡಿಗೆ ಹಾಕುವುದು ಹೆಚ್ಚು ಲಾಭದ ವ್ಯಾಪಾರ.

ಅಂಗಡಿಯಲ್ಲಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ಬಿಡಿಭಾಗಗಳ ಅಂಗಡಿಯಲ್ಲಾಗಲಿ ಹೊಸ ಜಾಕ್ ಕೊಳ್ಳುವಾಗ ಅದರ ಮೇಲಿನ ಪಟ್ಟಿಯಲ್ಲಿ ಸಾಮರ್ಥ್ಯದ ಜೊತೆಗೆ ಕನಿಷ್ಠ ಮತ್ತು ಗರಿಷ್ಠ ಎತ್ತರವನ್ನೂ ಓದಬೇಕು. ಬುಡ ಎಷ್ಟು ಅಗಲವಿದ್ದರೆ ಅಷ್ಟು ಒಳ್ಳೆಯದು. ಹಳೆಯದನ್ನು ಕೊಳ್ಳುವುದಾದರೆ ಕೊಂತವನ್ನು ಪೂರ್ತಿ ಮೇಲೆತ್ತಿಸಿ ನೋಡಬೇಕು. ಹೊಳೆಯುವ ಉಕ್ಕಿನ ಮೇಲೆ ತುಕ್ಕಿನ ಸಣ್ಣ ಕುಳಿಗಳಿದ್ದರೆ ಅವು ಪ್ರತಿ ಸಲವೂ ಸೀಲನ್ನು ಕೊರೆಯುತ್ತವೆ. ಅಂಥದ್ದು ಅರ್ಧ ಬೆಲೆಗೆ ಸಿಕ್ಕರೂ ಬೇಡ. ಭಾರ ಮಿತಿಮೀರಿದರೆ ಎತ್ತುವುದನ್ನು ನಿಲ್ಲಿಸುವ ವಾಲ್ವಿನ ತಿರುಪನ್ನು ಯಾರಾದರೂ ಬಿಗಿಮಾಡಿದ ಗುರುತಿದ್ದರೂ ಬಿಟ್ಟುಬಿಡಬೇಕು.

ಮನೆಗೆ ತಂದ ಮೇಲೆ ಒಂದು ಪರೀಕ್ಷೆ. ಸಮತಟ್ಟು ನೆಲದಲ್ಲಿ, ಕಲ್ಲು ಕೊಟ್ಟು, ಸ್ಟ್ಯಾಂಡನ್ನು ಒಂದು ಬೆರಳಿನ ಅಂತರದಲ್ಲಿ ಅಡಿಗಿಟ್ಟು ಗಾಲಿಯನ್ನು ಎತ್ತಿ ಎತ್ತರ ಅಳೆಯಿರಿ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಜಾಕ್ ಅಂಗಡಿಗೆ ವಾಪಸ್. ಎಣ್ಣೆ ಕಡಿಮೆಯಾದರೆ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಬೇಕು. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದರೆ ಈ ಜಾಕ್‌ಗಳ ರಬ್ಬರ್ ಸೀಲು ಉಬ್ಬಿ ಹಾಳಾಗುತ್ತದೆ.

ಇನ್ನು ಬಳಸುವಾಗಿನ ಸಣ್ಣ ಕ್ರಮಗಳು. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಸ್ಪ್ಯಾನರಿಗೆ ಬಲ ಹಾಕಿದರೆ ಆ ಜಗ್ಗಾಟವೇ ವಾಹನವನ್ನು ಜಾಕಿನಿಂದ ಬೀಳಿಸುತ್ತದೆ. ಹೊಸ ಗಾಲಿ ಕೂಡಿಸಿ ನಟ್ಟುಗಳನ್ನು ಕೈಯಿಂದ ತಿರುಗಿಸಿ ಕೂರಿಸಬೇಕು. ಇಳಿಸುವಾಗ ವಾಲ್ವನ್ನು ಕಾಲು ಸುತ್ತಿಗಿಂತ ಹೆಚ್ಚು ಬಿಚ್ಚಬಾರದು. ಒಮ್ಮೆಲೇ ಬಿಚ್ಚಿದರೆ ವಾಹನ ಧಡಕ್ಕನೆ ಬೀಳುತ್ತದೆ. ಗಾಲಿ ನೆಲ ಮುಟ್ಟಿದ ಮೇಲೆ ನಟ್ಟುಗಳನ್ನು ಒಂದರ ಎದುರಿನದು ಒಂದು ಎಂಬಂತೆ ಪೂರ್ತಿ ಬಿಗಿಮಾಡಿ, ಜಾಕ್ ತೆಗೆದು, ಕಡೆಯಲ್ಲಿ ಗಾಲಿಗೆ ಕೊಟ್ಟ ಕಲ್ಲುಗಳನ್ನು ಎತ್ತಬೇಕು. ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟುಹೋಗುವವರು ಬಹಳ. ಹಿಂದೆ ಬರುವ ಬೈಕಿನವನಿಗೆ ರಾತ್ರಿ ಅವು ಕಾಣುವುದಿಲ್ಲ.